ಹಿಂದಿನ ಬಂಡಿಯ ಭಾರ

ರಾತ್ರಿ ಊಟ ಮುಗಿಸಿ ಕೈ ತೊಳೆಯುತ್ತಿದ್ದಾಗ ಫೋನು ಬಂತು. ಇಂಗ್ಲೆಂಡಿನಿಂದ. ನಮ್ಮ ಹಿರೇಬೆಂಡಿಗೇರಿಯವನೇ, ನನ್ನ ಕೈಯಲ್ಲಿ ಹೈಸ್ಕೂಲು ಕಲಿತ ಹುಡುಗ. ಹುಡುಗ ಎಂದೆ, ಈಗ ಅವನಿಗೇ ಇಬ್ಬರು ಮಕ್ಕಳು. ಯೋಗಕ್ಷೇಮ ಎಲ್ಲ ಮುಗಿದ ಮೇಲೆ, "ಸರ್, ಒಂದು ಫಿಸಿಕ್ಸ್ ಪ್ರಶ್ನಿ ಐತ್ರಿ" ಎಂದ. ಈಸ್ಟರ್ ರಜೆಯಲ್ಲಿ ಹೆಂಡತಿ ಮಕ್ಕಳೊಂದಿಗೆ ವೇಲ್ಸ್ ಕಡೆ ಹೋಗುವ ವಿಚಾರ. ಗೆಳೆಯನೊಬ್ಬ ತನ್ನ ಕ್ಯಾರವಾನ್ ಕೊಡುತ್ತೇನೆ ಎಂದಿದ್ದಾನೆ, ಬಾಡಿಗೆಯೂ ಬೇಡವಂತೆ. ಇವನದು ಮಾತ್ರ ಸಣ್ಣ ಕಾರು. "ನಮ್ಮ ಕಾರು ಅದನ್ನ ಎಳೀತೈತೇನ್ರಿ?"

ಕ್ಯಾರವಾನ್ ಎಂದರೆ ಗಾಲಿಯ ಮೇಲಿನ ಮನೆ. ಒಳಗೆ ಮಂಚ, ಒಲೆ, ನೀರಿನ ಟಾಕಿ ಎಲ್ಲ ಇರುತ್ತವೆ, ಎಂಜಿನ್ ಒಂದು ಇರುವುದಿಲ್ಲ. ಕಾರಿನ ಹಿಂದೆ ಕೊಂಡಿ ಹಾಕಿ ಎಳೆದುಕೊಂಡು ಹೋಗಬೇಕು. ನಮ್ಮ ರಸ್ತೆಗಳಲ್ಲಿ ಅದನ್ನು ಕಾಣುವುದು ಅಪರೂಪ. ಆದರೆ ಭರತ ಹುಣ್ಣಿಮೆಗೆ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೊರಟ ಟ್ರ್ಯಾಕ್ಟರುಗಳನ್ನು ನೆನಪಿಸಿಕೊಳ್ಳಿ. ಟ್ರೇಲರಿಗೆ ಬಿದಿರಿನ ಕಮಾನು, ಮೇಲೆ ತಾಡಪಾಲು, ಒಳಗೆ ಹುಲ್ಲಿನ ಹಾಸು, ಹುಲ್ಲಿನ ಮೇಲೆ ಜಮಖಾನೆ. ರೊಟ್ಟಿ ಬುಟ್ಟಿ, ನೀರಿನ ಕೊಡ, ಒಲೆ, ಕಟ್ಟಿಗೆ, ಅಜ್ಜಿಯಿಂದ ಹಿಡಿದು ಕೂಸಿನ ತನಕ ಇಡೀ ಮನೆತನ. ಅದಕ್ಕೂ ಮೊದಲು ಕೊಲ್ಲಾರಿ ಚಕ್ಕಡಿ ಇತ್ತು. ಕ್ಯಾರವಾನ್ ನಮಗೆ ಹೊಸದಲ್ಲ, ಹೆಸರಷ್ಟೇ ಹೊಸದು.

ಅಂದು ನಾನು ಕೊಟ್ಟ ಉತ್ತರ ತಪ್ಪು. ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಎಷ್ಟು ಹಾರ್ಸ್‌ಪವರ್ ಎಂದು ಕೇಳಿದೆ, 75 ಎಂದ. ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಒಳ್ಳೆಯ ಡಾಂಬರು ರಸ್ತೆಯಲ್ಲಿ ರಬ್ಬರು ಗಾಲಿಯನ್ನು ಉರುಳಿಸಲು ಬೇಕಾಗುವ ಬಲ, ಭಾರದ ನೂರರಲ್ಲಿ ಒಂದೂವರೆ ಪಾಲು. ಕಾರು, ಕ್ಯಾರವಾನ್ ಎರಡೂ ಸೇರಿ 2,000 ಕೆಜಿ ಎಂದರೂ 30 ಕೆಜಿಯಷ್ಟು ಎಳೆತ ಸಾಕು. ಮೇಲೆ ಗಾಳಿಯ ತಡೆ ಒಂದಿಷ್ಟು. ಒಂದು ಜೋಡಿ ಎತ್ತು ಟನ್ನಿನ ಆಸುಪಾಸು ಎಳೆಯುತ್ತದೆ, 75 ಕುದುರೆ ಎಳೆಯಲಾರವೇ? "ಎಳೀತೈತಿ ತಮ್ಮಾ, ಆರಾಮ ಹೋಗಿ ಬಾ" ಎಂದು ಫೋನಿಟ್ಟೆ.

ಮಲಗಿದರೆ ನಿದ್ದೆ ಬರಲಿಲ್ಲ. ಕಾರಣ ವಿಜ್ಞಾನವಲ್ಲ, ನಮ್ಮಪ್ಪ. ಅವರು ಚಕ್ಕಡಿಗೆ ಚೀಲ ಹೇರಿದ ಮೇಲೆ ಎತ್ತು ಹೂಡುವ ಮೊದಲು ಒಂದು ಕೆಲಸ ಮಾಡುತ್ತಿದ್ದರು. ನೊಗದ ನಡುವೆ ಕೈ ಹಾಕಿ ಒಮ್ಮೆ ಎತ್ತಿ ನೋಡುತ್ತಿದ್ದರು. ಹಗುರಾಗಿ ಎದ್ದರೆ ಹಿಂದೆ ಭಾರ ಹೆಚ್ಚಾಯಿತೆಂದು ಒಂದು ಚೀಲ ಮುಂದಕ್ಕೆ, ಎತ್ತಲು ಬಾರದಿದ್ದರೆ ಒಂದು ಚೀಲ ಹಿಂದಕ್ಕೆ. ಹಿಂಭಾರವಾದ ಚಕ್ಕಡಿಯ ನೊಗ ಮೇಲೇಳುತ್ತದೆ, ಕೊರಳ ಕೆಳಗಿನ ಪಟ್ಟಿ ಎತ್ತಿನ ಗಂಟಲು ಬಿಗಿಯುತ್ತದೆ. ಮುಂಭಾರವಾದರೆ ಹೆಗಲು ಹುಣ್ಣಾಗುತ್ತದೆ. ಇಳಿಜಾರು ಬಂದರೆ ಅವರು ಚಕ್ಕಡಿಯಿಂದ ಇಳಿದು, ಗಾಲಿಗೆ ಒತ್ತುವ ಕಟ್ಟಿಗೆಯ ಬ್ರೇಕು ಬಿಗಿದು, ಎತ್ತಿನ ಜೊತೆ ನಡೆಯುತ್ತಿದ್ದರು. ಎತ್ತುಗಳಿಗೆ ಎಳೆಯುವ ಶಕ್ತಿ ಇದೆಯೋ ಇಲ್ಲವೋ ಎಂದು ಅವರು ಚಿಂತೆ ಮಾಡಿದ್ದು ನಾನು ಕಂಡಿಲ್ಲ. ಅವರ ಚಿಂತೆಯೆಲ್ಲ ಹಿಂದಿನ ಭಾರ ಎತ್ತುಗಳನ್ನು ಏನು ಮಾಡೀತು ಎಂಬುದರ ಮೇಲೆ. ಬಿಎಸ್ಸಿ, ಬಿಎಡ್ ಮಾಡಿದ ನಾನು ಎಂಜಿನ್ ಒಂದನ್ನೇ ಕೇಳಿ ಫೋನಿಟ್ಟಿದ್ದೆ.

ಬೆಳಗಾಗುತ್ತಲೇ ಹುಡುಗನಿಗೆ ಸುದ್ದಿ ಕಳಿಸಿದೆ: ಕಾರಿನ ಬಾಗಿಲ ಕಂಬದಲ್ಲೋ ಬಾನೆಟ್ಟಿನ ಕೆಳಗೋ ಒಂದು ತಗಡಿನ ಫಲಕ ಇರುತ್ತದೆ, ಅದರ ಚಿತ್ರ ಕಳಿಸು, ಕ್ಯಾರವಾನಿನದೂ ಕಳಿಸು. ಕಾರಿನ ಫಲಕದಲ್ಲಿ ಸಾಮಾನ್ಯವಾಗಿ ನಾಲ್ಕು ತೂಕಗಳಿರುತ್ತವೆ. ಮೊದಲನೆಯದು ಜನ, ಸಾಮಾನು ತುಂಬಿದ ಕಾರು ಹೆಚ್ಚೆಂದರೆ ಎಷ್ಟು ತೂಗಬಹುದು ಎಂಬುದು. ಎರಡನೆಯದು ಕಾರು ಮತ್ತು ಅದರ ಹಿಂದಿನ ಬಂಡಿ ಎರಡೂ ಸೇರಿ ಎಷ್ಟು ತೂಗಬಹುದು ಎಂಬುದು. ಉಳಿದೆರಡು ಮುಂದಿನ ಮತ್ತು ಹಿಂದಿನ ಅಚ್ಚುಗಳ ಮಿತಿ. ಎರಡನೆಯದರಲ್ಲಿ ಮೊದಲನೆಯದನ್ನು ಕಳೆದರೆ, ತುಂಬಿದ ಕಾರು ಎಷ್ಟು ಭಾರದ ಬಂಡಿ ಎಳೆಯಬಹುದು ಎಂಬುದು ಸಿಗುತ್ತದೆ. ಕೂಡಿಸಿದ ತೂಕವನ್ನು ಬರೆದೇ ಇಲ್ಲವೆಂದರೆ ಆ ಕಾರನ್ನು ಸಾಮಾನ್ಯವಾಗಿ ಎಳೆಯುವ ಕೆಲಸಕ್ಕೆ ಬಳಸಬಾರದು.

ಇವನ ಕಾರಿನ ಖಾಲಿ ತೂಕ 1,090 ಕೆಜಿ. ತುಂಬಿದ ಮಿತಿ 1,540. ಬಂಡಿ ಸೇರಿ 2,440. ಕಳೆದರೆ ಉಳಿಯುವುದು 900. ಗೆಳೆಯನ ಕ್ಯಾರವಾನ್ ಖಾಲಿ ಇದ್ದಾಗ 880 ಕೆಜಿ. ಹುಡುಗ ಖುಷಿಯಿಂದ, "900ರ ಒಳಗೇ ಐತಲ್ರಿ ಸರ್" ಎಂದ. ಖಾಲಿ ಕ್ಯಾರವಾನ್ ಎಳೆದುಕೊಂಡು ಯಾರೂ ಪ್ರವಾಸ ಹೋಗುವುದಿಲ್ಲವಲ್ಲ! ನೀರು, ಗ್ಯಾಸ್ ಸಿಲಿಂಡರು, ಪಾತ್ರೆ, ಹಾಸಿಗೆ, ಮಕ್ಕಳ ಸೈಕಲ್ಲು ಎಲ್ಲ ಸೇರಿದರೆ ಅದರ ಫಲಕದ ಮಿತಿಯಾದ 1,050ರ ಹತ್ತಿರ ಬಂದು ನಿಲ್ಲುತ್ತದೆ. ಲೆಕ್ಕಕ್ಕೆ ಹಿಡಿಯಬೇಕಾದದ್ದು ಅದನ್ನು.

ಇದಲ್ಲದೆ ಬ್ರಿಟನ್ನಿನಲ್ಲಿ ಕ್ಯಾರವಾನ್ ಎಳೆಯುವವರಲ್ಲಿ ಇನ್ನೊಂದು ರೂಢಿಯ ಮಾತಿದೆ. ಹೊಸಬರಾದರೆ ತುಂಬಿದ ಕ್ಯಾರವಾನಿನ ತೂಕ ಕಾರಿನ ಖಾಲಿ ತೂಕದ ಶೇಕಡ 85ನ್ನು ಮೀರಬಾರದು. ಇದು ಕಾನೂನಲ್ಲ, ಅನುಭವಸ್ಥರ ಬುದ್ಧಿಮಾತು. 1,090ರ ಶೇಕಡ 85 ಎಂದರೆ ಸುಮಾರು 926. ನಮ್ಮ ಹುಡುಗನ ಜೋಡಿ ಶೇಕಡ 96ಕ್ಕೆ ಹೋಗುತ್ತಿತ್ತು. ಬುದ್ಧಿಮಾತನ್ನೂ ಮೀರಿತು, ಫಲಕದ 900ನ್ನೂ ಮೀರಿತು. ಅಲ್ಲಿ 1997ರ ಜನವರಿ 1ರ ನಂತರ ಲೈಸೆನ್ಸ್ ಪಡೆದವರು ಭಾರಿ ಟ್ರೇಲರ್ ಎಳೆಯಲು ಬೇರೆ ಪರೀಕ್ಷೆ ಪಾಸಾಗಬೇಕಿತ್ತು. 2021ರ ಡಿಸೆಂಬರ್ 16ರಿಂದ ಅದನ್ನು ಕೈಬಿಟ್ಟು, 3,500 ಕೆಜಿಯವರೆಗಿನ ಟ್ರೇಲರ್ ಎಳೆಯಲು ಮಾಮೂಲಿ ಕಾರಿನ ಲೈಸೆನ್ಸೇ ಸಾಕು ಎಂದರು. ಆದರೆ ಸಡಿಲಾದದ್ದು ಚಾಲಕನ ಕಾಗದ, ಕಾರಿನ ಫಲಕವಲ್ಲ. ಹುಡುಗನಿಗೆ ಈ ಎರಡರ ವ್ಯತ್ಯಾಸ ಹೊಳೆದಿರಲಿಲ್ಲ.

ಫಲಕದ ಆ ಅಂಕಿಗಳನ್ನು ಕಂಪನಿಯವರು ಸುಮ್ಮನೆ ಬರೆದಿರುವುದಿಲ್ಲ. ಯುರೋಪಿನ ನಿಯಮದ ಪ್ರಕಾರ, ನೂರು ಮೀಟರಿಗೆ 12 ಮೀಟರ್ ಏರುವ ದಾರಿಯಲ್ಲಿ ಬಂಡಿ ಸಮೇತ ಐದು ನಿಮಿಷದೊಳಗೆ ಐದು ಸಲ ನಿಂತು ಹೊರಡಲು ಆ ಕಾರಿಗೆ ಸಾಧ್ಯವಾಗಬೇಕು. ಒಂದು ಸಲ ಏರಿತೆಂದರೆ ಸಾಲದು. ನಮ್ಮ ಅರಬೈಲು ಘಾಟಿನಲ್ಲಿ ಲಾರಿಗಳ ಸಾಲು ನಿಂತು ನಿಂತು ಏರುವುದನ್ನು ಕಂಡವರಿಗೆ ಈ ಐದು ಸಲದ ಅರ್ಥ ಬೇಗ ಆಗುತ್ತದೆ.

ಇನ್ನು ನಮ್ಮಪ್ಪನ ನೊಗದ ಪರೀಕ್ಷೆ. ಕ್ಯಾರವಾನಿನವರೂ ಅದನ್ನೇ ಮಾಡುತ್ತಾರೆ, ತೂಕದ ಯಂತ್ರ ಇಟ್ಟು ಮಾಡುತ್ತಾರೆ. ಕ್ಯಾರವಾನಿನ ಮುಂದಿನ ಕೊಂಡಿ ಕಾರಿನ ಹಿಂಭಾಗದ ಮೇಲೆ ತನ್ನ ಒಟ್ಟು ಭಾರದ ಶೇಕಡ 5ರಿಂದ 7ರಷ್ಟು ಒತ್ತುತ್ತಿರಬೇಕು. ಮನೆಯಲ್ಲಿ ಮೈತೂಕ ನೋಡುವ ಯಂತ್ರದ ಮೇಲೆ ಒಂದು ಕಟ್ಟಿಗೆ ತುಂಡು ನಿಲ್ಲಿಸಿ, ಅದರ ಮೇಲೆ ಕೊಂಡಿ ಇಳಿಸಿದರೆ ತೂಕ ತಿಳಿಯುತ್ತದೆ. ಆ ತೂಕವನ್ನು ಕಾರಿನ ಹೊರೆಯಲ್ಲೂ ಸೇರಿಸಿ ಲೆಕ್ಕ ಹಿಡಿಯಬೇಕು.

ಮುಂದೆ ಒತ್ತು ಕಡಿಮೆಯಾಗಿ ಭಾರ ಹಿಂದೆ ಸರಿದರೆ ಏನಾಗುತ್ತದೆ ಎಂಬುದನ್ನು ನೀವೇ ನೋಡಬಹುದು. ನಮ್ಮ ಮಕ್ಕಳು ಹಳೇ ಹವಾಯಿ ಚಪ್ಪಲಿ ಕೊಯ್ದು ಗಾಲಿ ಮಾಡುತ್ತಾರಲ್ಲ, ಅಂಥ ಎರಡು ಗಾಲಿಯ ಮೇಲೆ ಒಂದು ಗೇಣುದ್ದದ ಹಲಗೆ ಕೂರಿಸಿ, ಅದನ್ನು ನಾಲ್ಕು ಗಾಲಿಯ ಆಟದ ಲಾರಿಯ ಹಿಂದೆ ಮೊಳೆಯೊಂದಕ್ಕೆ ಸಿಕ್ಕಿಸಿ. ಇಳಿಜಾರು ಹಲಗೆಯ ಮೇಲೆ ಬಿಡಿ. ಹಲಗೆಯ ಮುಂಭಾಗದಲ್ಲಿ ಕಲ್ಲು ಇಟ್ಟರೆ ನೆಟ್ಟಗೆ ಬರುತ್ತದೆ. ಅದೇ ಕಲ್ಲನ್ನು ತುದಿಗೆ ಇಟ್ಟರೆ ನಾಯಿಯ ಬಾಲದಂತೆ ಅತ್ತಿತ್ತ ಹೊಡೆದುಕೊಂಡು ಕೊನೆಗೆ ಲಾರಿಯನ್ನೂ ಅಡ್ಡ ಕೆಡವುತ್ತದೆ. ನಮ್ಮ ಎಂಟನೇ ತರಗತಿಯವರು ಇದನ್ನು ಇಡೀ ಒಂದು ಪಿರಿಯಡ್ ಆಡಿದರು. ಪಾಠ ಅಲ್ಲಿಗೇ ನಿಂತಿತೆಂಬುದು ಬೇರೆ ಮಾತು.

ದೊಡ್ಡ ರಸ್ತೆಯಲ್ಲಿ ಆಗುವುದೂ ಇದೇ. ಪಕ್ಕದಲ್ಲಿ ಬಸ್ಸು ಹಾದುಹೋದಾಗಿನ ಗಾಳಿ ಒಂದು ತಳ್ಳು ಕೊಟ್ಟರೆ ಕ್ಯಾರವಾನ್ ತೂಗಲು ಶುರುವಾಗುತ್ತದೆ. ವೇಗ ಕಡಿಮೆಯಿದ್ದರೆ ತೂಗಾಟ ತಾನೇ ಅಡಗುತ್ತದೆ, ಹೆಚ್ಚಿದ್ದರೆ ಪ್ರತಿ ತೂಗಿಗೂ ಬೆಳೆಯುತ್ತದೆ. ಎಳೆಯುವ ಕಾರು ಹಗುರಾದಷ್ಟೂ ಅದನ್ನು ಹಿಡಿದು ನಿಲ್ಲಿಸುವ ಕಸುವು ಕಡಿಮೆ. ಶೇಕಡ 85ರ ಮಾತಿನ ಹಿಂದಿನ ಕಾರಣಗಳಲ್ಲಿ ಇದೂ ಒಂದು. ಅಂಥ ಹೊತ್ತಿನಲ್ಲಿ ಹೆದರಿ ಬ್ರೇಕ್ ತುಳಿಯಬಾರದು, ಸ್ಟಿಯರಿಂಗ್ ತಿರುವಿ ಸರಿಮಾಡಲೂ ಹೋಗಬಾರದು. ಸ್ಟಿಯರಿಂಗನ್ನು ನೆಟ್ಟಗೆ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದು, ವೇಗ ತಾನಾಗಿ ಇಳಿಯಲು ಬಿಡಬೇಕು. ಬ್ರಿಟನ್ನಿನಲ್ಲಿ ಕ್ಯಾರವಾನ್ ಕಟ್ಟಿದ ಕಾರು ಮಾಮೂಲಿ ರಸ್ತೆಯಲ್ಲಿ ಗಂಟೆಗೆ 50 ಮೈಲು, ಮೋಟರ್‌ವೇಯಲ್ಲಿ 60 ಮೈಲು ದಾಟುವಂತಿಲ್ಲ. ನಮ್ಮ ಲೆಕ್ಕದಲ್ಲಿ ಸುಮಾರು 80 ಮತ್ತು 96 ಕಿಲೋಮೀಟರು.

ಬ್ರೇಕಿನ ವಿಷಯದಲ್ಲಿ ಅಲ್ಲಿಯ ಏರ್ಪಾಡು ನನಗೆ ಬಹಳ ಹಿಡಿಸಿತು. 750 ಕೆಜಿ ಮೀರಿದ ಟ್ರೇಲರಿಗೆ ಸ್ವಂತ ಬ್ರೇಕು ಕಡ್ಡಾಯ. ಅದನ್ನು ತುಳಿಯುವವರು ಯಾರು? ಯಾರೂ ಇಲ್ಲ. ಕಾರು ನಿಧಾನವಾದಾಗ ಹಿಂದಿನ ಕ್ಯಾರವಾನ್ ತನ್ನ ಜಡತ್ವದಿಂದ ಮುಂದಕ್ಕೆ ನುಗ್ಗಿ ಕೊಂಡಿಯನ್ನು ಒತ್ತುತ್ತದೆ. ಆ ಒತ್ತಡವೇ ಸರಳೊಂದರ ಮೂಲಕ ಕ್ಯಾರವಾನಿನ ಬ್ರೇಕು ಹಿಡಿಯುತ್ತದೆ. ತಳ್ಳಿದಷ್ಟೂ ತನ್ನನ್ನೇ ತಡೆದುಕೊಳ್ಳುತ್ತದೆ. ಕೊಂಡಿ ಕಳಚಿದರೆ ಎಂದು ಒಂದು ತಂತಿಯೂ ಇರುತ್ತದೆ. ಬಂಡಿ ಬೇರೆಯಾಗುತ್ತಿದ್ದಂತೆ ಅದು ಬ್ರೇಕನ್ನು ಎಳೆದು ಹಿಡಿಸಿ ಆಮೇಲೆ ಹರಿಯುತ್ತದೆ. ನಮ್ಮ ಟ್ರೇಲರುಗಳ ಪಿನ್ನು ಕಳೆದಾಗ ಕೈಗೆ ಸಿಕ್ಕ ಬೋಲ್ಟು ಸಿಕ್ಕಿಸಿ ಹೋಗುವುದು ನೆನಪಾಯಿತು.

ಹುಡುಗನಿಗೆ ಇದನ್ನೆಲ್ಲ ಹೇಳಿ, "ಬ್ಯಾಡ ತಮ್ಮಾ, ನಿನ್ನೆ ಅಂದದ್ದು ತಪ್ಪಾತು" ಎಂದೆ. ಅವನು ಬೇಸರ ಮಾಡಿಕೊಳ್ಳಲಿಲ್ಲ. ತುಂಬಿದರೂ 750 ಕೆಜಿ ದಾಟದ ಪುಟ್ಟ ಕ್ಯಾರವಾನ್ ಬಾಡಿಗೆಗೆ ಹುಡುಕುತ್ತೇನೆ ಎಂದ. ಅದು ಅವನ ಕಾರಿನ ಶೇಕಡ 69ರಷ್ಟು, ನಡೆಯುತ್ತದೆ.

ಇದು ಇಲ್ಲಿಗೆ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲ. ಎರಡು ದಿನ ಬಿಟ್ಟು ಅವನ ಅಣ್ಣ ನಮ್ಮ ಕಟ್ಟೆಗೆ ಬಂದ. ಊರಲ್ಲೇ ಇದ್ದು ಹೊಲ ನೋಡಿಕೊಳ್ಳುವವನು. ಗೋವಿನಜೋಳ, ಹತ್ತಿಯ ಆರು ಎಕರೆ. ಎಡೆ ಹೊಡೆಯಲೆಂದು 18 ಹಾರ್ಸ್‌ಪವರಿನ ಸಣ್ಣ ಟ್ರ್ಯಾಕ್ಟರ್ ತಂದಿದ್ದಾನೆ.

"ಮಾಸ್ತರ್ರ, ತಮ್ಮಗ ಬ್ಯಾಡ ಅಂದ್ರಂತ?"

"ಹೌದಪಾ. ಹಿಂದಿಂದು ಭಾರ ಹೆಚ್ಚಾಗತಿತ್ತು."

"ಅಲ್ಲೆ ಭಾಳ ರೂಲ್ಸ್ ಬಿಡ್ರಿ" ಎಂದು ನಕ್ಕ. ಆಮೇಲೆ ಬಂದ ಕೆಲಸ ಹೇಳಿದ. "ಹುಣ್ಣಿಮಿಗೆ ಗುಡ್ಡಕ್ಕ ಹೊಂಟೇವ್ರಿ. ನಮ್ಮ ಸಣ್ಣ ಟ್ರ್ಯಾಕ್ಟರಿಗೆ ಗೌಡ್ರ ನಾಕ್ ಗಾಲಿ ಟ್ರೇಲರ್ ಹಚ್ತೀನಿ. ಇಪ್ಪತ್ತು ಮಂದಿ ಆಗತೇವಿ. ಅಕ್ಕಾರನ್ನೂ ಕಳಸ್ರಿ, ಜಾಗ ಐತಿ."

ಒಳಗಿನಿಂದ ನನ್ನ ಹೆಂಡತಿ ಆಗಲೇ ಬುತ್ತಿಯ ಮಾತು ತೆಗೆದಿದ್ದಳು.

ಇಂಗ್ಲೆಂಡಿನ ನಾಲ್ಕು ಜನರಿಗಾಗಿ ರಾತ್ರಿ ನಿದ್ದೆಗೆಟ್ಟವನು ನಾನು. ಇಲ್ಲಿ ಇಪ್ಪತ್ತು ಜನ. ಅವನನ್ನು ಕೂರಿಸಿ, ಮಗಳ ನೋಟುಬುಕ್ಕಿನ ಹಾಳೆ ಹರಿದು ಲೆಕ್ಕ ಬರೆದೆ. ಓದುಗರೂ ಒಮ್ಮೆ ನೋಡಿ.

ಟ್ರ್ಯಾಕ್ಟರ್, ಚಾಲಕ ಸೇರಿ 900 ಕೆಜಿ ಇಟ್ಟುಕೊಳ್ಳೋಣ. ಟ್ರ್ಯಾಕ್ಟರಿನ ಬ್ರೇಕು ಇರುವುದು ಹಿಂದಿನ ಎರಡು ಗಾಲಿಗೆ. ಆ ಗಾಲಿಗಳ ಮೇಲೆ ಬೀಳುವ ಭಾರ ಸುಮಾರು 600 ಕೆಜಿ. ಒಣ ಡಾಂಬರಿನ ಮೇಲೆ ಟೈರಿನ ಹಿಡಿತ 0.6 ಎಂದರೆ, ಎಷ್ಟೇ ಬಲವಾಗಿ ತುಳಿದರೂ ಸಿಗುವ ತಡೆ 3,600 ನ್ಯೂಟನ್. ಅದಕ್ಕಿಂತ ಹೆಚ್ಚು ತುಳಿದರೆ ಗಾಲಿ ಸಿಕ್ಕಿಕೊಂಡು ಜಾರುತ್ತದೆ. ಗೌಡರ ಟ್ರೇಲರಿಗೆ ಬ್ರೇಕು ಇಲ್ಲ. ನಾಲ್ಕು ಗಾಲಿಯದಾದ್ದರಿಂದ ತನ್ನ ಭಾರವನ್ನು ತಾನೇ ಹೊತ್ತಿರುತ್ತದೆ. ಎರಡು ಗಾಲಿಯದು ಮುಂದೆ ಒರಗಿ ಟ್ರ್ಯಾಕ್ಟರಿನ ಹಿಂದಿನ ಗಾಲಿಯನ್ನು ನೆಲಕ್ಕೆ ಒತ್ತುವ ಉಪಕಾರವಾದರೂ ಮಾಡೀತು, ಇದು ಅದನ್ನೂ ಮಾಡುವುದಿಲ್ಲ. ಖಾಲಿ ಟ್ರೇಲರ್ 1,500 ಎಂದು ಅಂದಾಜು ಮಾಡಿದೆ. ಇಪ್ಪತ್ತು ಜನ, ದೊಡ್ಡವರು ಸಣ್ಣವರು ಕೂಡಿ 1,100. ನೀರು, ಕಟ್ಟಿಗೆ, ಪಾತ್ರೆ, ಹಾಸಿಗೆ 400. ಒಟ್ಟು 3,000 ಕೆಜಿ. ಎಳೆಯುವವನ ಮೂರು ಪಟ್ಟಿಗಿಂತ ಹೆಚ್ಚು.

ಟ್ರ್ಯಾಕ್ಟರ್ ಒಂದೇ ಗಂಟೆಗೆ 20 ಕಿಲೋಮೀಟರಿನಲ್ಲಿ ಹೋಗುತ್ತಿದ್ದರೆ ಬ್ರೇಕ್ ತುಳಿದ ಮೇಲೆ 4 ಮೀಟರಿನೊಳಗೆ ನಿಲ್ಲುತ್ತದೆ. ಟ್ರೇಲರ್ ಸಮೇತ ಸಪಾಟು ದಾರಿಯಲ್ಲಿ ಸುಮಾರು 17 ಮೀಟರ್. ಇಪ್ಪತ್ತು ಮೀಟರಿಗೆ ಒಂದು ಮೀಟರ್ ಇಳಿಯುವ ಸಣ್ಣ ಇಳಿಜಾರಿನಲ್ಲಿ 36 ಮೀಟರ್. ಹತ್ತಕ್ಕೆ ಒಂದು ಇಳಿಯುವ ಕಡೆ? ಇಳಿಜಾರು ಒಟ್ಟು 3,900 ಕೆಜಿಯನ್ನು ಕೆಳಕ್ಕೆ ಎಳೆಯುವ ಬಲ 3,900 ನ್ಯೂಟನ್. ಬ್ರೇಕಿನ ತಡೆ 3,600. ಗಾಲಿ ಉರುಳುವಾಗಿನ ಸಣ್ಣ ತಡೆಯನ್ನು ಕೂಡಿಸಿದರೂ ತಕ್ಕಡಿ ಸರಿಸಮ ತೂಗುತ್ತದೆ, ಅಷ್ಟೇ. ತುಸು ಮರಳಿದ್ದರೂ, ತುಸು ಹಸಿಯಿದ್ದರೂ ನಿಲ್ಲುವುದಿಲ್ಲ. ತಡವಾಗಿ ನಿಲ್ಲುತ್ತದೆ ಎಂದಲ್ಲ, ನಿಲ್ಲುವುದೇ ಇಲ್ಲ.

"ನಾ ಸಾವಕಾಶ ಹೊಡೀತೀನ್ರಿ. ಒಂದನೇ ಗೇರಿನ್ಯಾಗ ಇಳಸ್ತೀನಿ."

ಒಳ್ಳೆಯ ಮಾತೇ. ಸಣ್ಣ ಗೇರಿನಲ್ಲಿ ಇಳಿದರೆ ವೇಗ ಏರಲು ಎಂಜಿನ್ ಬಿಡುವುದಿಲ್ಲ, ಬ್ರೇಕೂ ಕಾಯುವುದಿಲ್ಲ. ಘಾಟು ಇಳಿಯುವವರೆಲ್ಲ ಮಾಡಬೇಕಾದದ್ದೇ. ಆದರೆ ಎಂಜಿನ್ ಹಿಡಿದೆಳೆಯುವುದೂ ಅದೇ ಹಿಂದಿನ ಎರಡು ಗಾಲಿಯ ಮೂಲಕ, ಅದೇ 600 ಕೆಜಿಯ ಹಿಡಿತದಿಂದ. ಟೈರು ಜಾರತೊಡಗಿದ ಮೇಲೆ ಗೇರು ಯಾವುದಾದರೇನು? ಆಗ ಹಿಂದಿನ ಟ್ರೇಲರ್ ಟ್ರ್ಯಾಕ್ಟರನ್ನು ತಳ್ಳುತ್ತದೆ. ದಾರಿ ಸ್ವಲ್ಪ ತಿರುಗಿದ್ದರೆ ಟ್ರ್ಯಾಕ್ಟರ್ ಅಡ್ಡ ಹೊರಳಿ ಎರಡೂ ಚಾಕುವಿನಂತೆ ಮಡಚಿಕೊಳ್ಳುತ್ತವೆ. ಇನ್ನೊಂದು ಸಂಗತಿ ಕೇಳಿದೆ: ಎಡ ಬಲದ ಎರಡು ಬ್ರೇಕ್ ಪೆಡಲುಗಳನ್ನು ಕೂಡಿಸುವ ಚಿಲಕ ಹಾಕಿದ್ದೀಯಾ? ಹೊಲದಲ್ಲಿ ಸಾಲು ತಿರುಗಿಸಲು ಒಂದೇ ಕಡೆಯ ಬ್ರೇಕು ಬೇಕು, ಆದ್ದರಿಂದ ಬಿಚ್ಚಿರುತ್ತಾರೆ. ರಸ್ತೆಗೆ ಬಂದಾಗ ಕೂಡಿಸದಿದ್ದರೆ ಅವಸರದಲ್ಲಿ ಒಂದೇ ಪೆಡಲು ಕಾಲಿಗೆ ಸಿಕ್ಕಿ ಟ್ರ್ಯಾಕ್ಟರ್ ಗಿರಕಿ ಹೊಡೆದು ಮಗುಚುತ್ತದೆ. ಅವನು ತಲೆ ಕೆರೆದುಕೊಂಡ. ಟ್ರ್ಯಾಕ್ಟರ್ ತಂದ ದಿನದಿಂದ ಆ ಚಿಲಕ ಮುಟ್ಟಿಲ್ಲವಂತೆ. ಸರಕಿನ ಬಂಡಿಯಲ್ಲಿ ಜನರನ್ನು ಕೂರಿಸುವುದು ಕಾನೂನಿಗೆ ವಿರುದ್ಧ ಎಂಬುದನ್ನೂ ಹೇಳಿದೆ. ಅದು ಅವನಿಗೆ ಗೊತ್ತಿತ್ತು. ಹಬ್ಬದ ದಿನ ಯಾರು ಕೇಳುತ್ತಾರೆ ಎಂಬುದೂ ಗೊತ್ತಿತ್ತು.

ಅವನು ಬೇಗ ಒಪ್ಪಲಿಲ್ಲ. "ನಮ್ಮಪ್ಪ ಹಿಂಗ ಹ್ವಾದ, ನಾವೂ ಹ್ವಾದಿವಿ, ಏನೂ ಆಗಿಲ್ರಿ." ಇದಕ್ಕೆ ಉತ್ತರ ಕೊಡುವುದು ಕಷ್ಟ, ಅದು ಸುಳ್ಳಲ್ಲವಲ್ಲ. ದೊಡ್ಡ ಟ್ರ್ಯಾಕ್ಟರಿನ ಹಿಂದೆ ಹೋದವರು ಕ್ಷೇಮವಾಗಿ ಬಂದದ್ದುಂಟು. ಅದು 1,800, 2,000 ಕೆಜಿ ತೂಗುತ್ತದೆ. ಅದೇ ಟ್ರೇಲರ್ ಅದಕ್ಕಿಂತ ಅರ್ಧ ತೂಗುವ ಟ್ರ್ಯಾಕ್ಟರಿಗೆ ಬಂದಾಗ ಹಳೆಯ ಅನುಭವ ಜೊತೆಗೆ ಬರುವುದಿಲ್ಲ. ಹಾಗೆಂದೆ. ನಮ್ಮೂರ ಹೊಲದ ದಾರಿ ಹಳ್ಳಕ್ಕೆ ಇಳಿಯುವ ಕಡೆ ನಾನು ಮಕ್ಕಳನ್ನು ಕಟ್ಟಿಕೊಂಡು, ಗೌಂಡಿಯ ನೀರಿನ ಕೊಳವೆ ಹಿಡಿದು ಅಳೆದದ್ದುಂಟು. ಸರಿಯಾಗಿ ಹತ್ತಕ್ಕೆ ಒಂದು. "ನಾಳೆ ಅಲ್ಲಿ, ಯಾರನ್ನೂ ಕೂಡ್ರಸದ, ಮೂರು ಟನ್ನ ಉಸುಕು ಹೇರಿಕೊಂಡು ಇಳಿಸಿ ನೋಡ್ತೀಯೇನು?" ಎಂದೆ. ಅವನು ಸುಮ್ಮನೆ ಕುಳಿತ. ಸ್ವಲ್ಪ ಹೊತ್ತಾದ ಮೇಲೆ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡು ಹೋದ.

ಮರುದಿನ ಉಸುಕು ಹೇರಲಿಲ್ಲ. ಬದಲಿಗೆ ಗೌಡರ ಟ್ರ್ಯಾಕ್ಟರಿಗೇ ಅವರ ಖಾಲಿ ಟ್ರೇಲರ್ ಹಚ್ಚಿಕೊಂಡು ಹೋಗಿ, ವಾಹನ ತೂಗುವ ಕಾಟಾದ ಮೇಲೆ ಟ್ರೇಲರ್ ಒಂದನ್ನೇ ನಿಲ್ಲಿಸಿ ತೂಗಿಸಿದ. ಸಂಜೆ ಚೀಟಿ ತಂದು ನನ್ನ ಮುಂದಿಟ್ಟ. 1,780 ಕೆಜಿ. ಹಲಗೆ ಕೊಳೆತು ಕಬ್ಬಿಣದ ತಗಡು ಬಡಿಸಿದ್ದರಂತೆ, ನನ್ನ ಅಂದಾಜಿಗೆ ಅದು ಸಿಕ್ಕಿರಲಿಲ್ಲ. "ನಿಮ್ಮ ಲೆಕ್ಕನೂ ತಪ್ರಿ ಮಾಸ್ತರ್ರ" ಎಂದ. ಒಂದೇ ವಾರದಲ್ಲಿ ಅಣ್ಣ ತಮ್ಮ ಇಬ್ಬರ ಮುಂದೂ ನನ್ನ ಲೆಕ್ಕ ತಪ್ಪಿತ್ತು. ಹೊಸ ಅಂಕಿ ಹಾಕಿ ನೋಡಿದರೆ ಹಳ್ಳದ ಇಳಿಜಾರಿನ ಎಳೆತ 4,180 ನ್ಯೂಟನ್. ತಡೆ ಮಾತ್ರ ಅದೇ 3,600.

ಹುಣ್ಣಿಮೆಗೆ ಮಂದಿಯೆಲ್ಲ ಸಾರಿಗೆ ಸಂಸ್ಥೆಯ ಬಸ್ಸಿಗೆ ಹೋದರು, ನನ್ನ ಹೆಂಡತಿಯೂ ಹೋದಳು. ರೊಟ್ಟಿ ಬುಟ್ಟಿ ಬಸ್ಸಿನ ನೂಕುನುಗ್ಗಲಿನಲ್ಲಿ ಪುಡಿಯಾಯಿತೆಂದು ಈಗಲೂ ನನ್ನನ್ನು ಬಯ್ಯುತ್ತಾಳೆ. ಒಲೆ, ಕಟ್ಟಿಗೆ, ಹಾಸಿಗೆಗಳನ್ನು ಅವನು ತನ್ನ ಸಣ್ಣ ಎರಡು ಗಾಲಿಯ ಟ್ರೇಲರಿನಲ್ಲಿ ಹೇರಿಕೊಂಡು, ಪೆಡಲಿನ ಚಿಲಕ ಹಾಕಿಕೊಂಡು, ಒಂದು ದಿನ ಮುಂಚೆಯೇ ಹೊರಟ. ಹೊರಡುವ ಮೊದಲು ಕಾಟಾದ ಚೀಟಿಯನ್ನು ಗೌಡರಿಗೆ ಕೊಟ್ಟು ಬಂದನಂತೆ. ಗೌಡರು ಆ 1,780ನ್ನು ಟ್ರೇಲರಿನ ಮುಂದಿನ ತಗಡಿನ ಮೇಲೆ ಬಿಳಿ ಬಣ್ಣದಲ್ಲಿ ಬರೆಸಿದ್ದಾರೆ.